ಮೋಡ ಕಾಣದ ರೀಲು

ವೈದೇಹಿ ಹಳದಿ ಗಾಜಿನ ಚೂರನ್ನು ಮೇಜಿನ ಮೇಲೆ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಕುಕ್ಕಿದಳು.

"ಇದು ರೂನೆಯ ಕನ್ನಡಕದ ಗಾಜು ಅಂತ ಪೊಲೀಸರಿಗೆ ಹೇಳಿದ್ದು ಯಾರು?"

ನಿರ್ದೇಶಕ ಟೋರ್ಕೆಲ್ ಚೂರನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಆಮೇಲೆ, ಈ ದೇಶದಲ್ಲಿ ಎಲ್ಲರೂ ಮಾಡುವಂತೆ, ಕಾಫಿ ತಗೊಳ್ತೀರಾ ಎಂದು ಕೇಳಿದ.

ಅವಳ ಮೈ ಉರಿದುಹೋಯಿತು. ಗೋಥೆನ್‌ಬರ್ಗ್‌ನಿಂದ ರೈಲು ಹತ್ತಿ ವೆಸ್ಟೆರಾಸ್‌ಗೆ ಬಂದಾಗಿನಿಂದ ಕಾಫಿ ಕುಡಿದೂ ಕುಡಿದೂ ಅವಳ ಹೊಟ್ಟೆ ಹುಳಿಯಾಗಿತ್ತು. ಪೊಲೀಸ್ ಠಾಣೆಯಲ್ಲಿ ಕಾಫಿ. ವಿಮೆಯವರಲ್ಲಿ ಕಾಫಿ. ವಿಶಾಲ್‌ನನ್ನು ಕೆಲಸದಿಂದ ತೆಗೆದ ಕಂಪನಿಯವರಂತೂ ಕಾಫಿಯ ಜೊತೆ ದಾಲ್ಚಿನ್ನಿ ಬನ್ನನ್ನೂ ಇಟ್ಟಿದ್ದರು. ಕುತ್ತಿಗೆ ಕೊಯ್ಯುವವರೂ ಇಲ್ಲಿ ಮೊದಲು ಕಾಫಿಗೆ ಕರೆಯುತ್ತಾರೆ. ದನಿ ಏರಿಸುವುದಿಲ್ಲ. ಹೆಸರು ಹಿಡಿದು ಮಾತಾಡಿಸುತ್ತಾರೆ, ಬಾಲ್ಯದ ಗೆಳೆಯರ ಹಾಗೆ.

"ಕಾಫಿ ಬೇಡ," ಅಂದಳು ಇಂಗ್ಲಿಷಿನಲ್ಲಿ. "ಉತ್ತರ ಬೇಕು."

ವಿಶಾಲ್ ಅವಳ ಚಿಕ್ಕಮ್ಮನ ಮಗ. ಅವನು ಮಾಡಿಕೊಟ್ಟ ಕ್ಯಾಮೆರಾ ಸ್ಟ್ಯಾಂಡು ಆಕಾಶದಲ್ಲಿ ಸಡಿಲಾಗಿ ಬಿದ್ದು, ವಿಮಾನ ನಡೆಸುವ ಸ್ಟಿಕ್ಕಿಗೆ ಸಿಕ್ಕಿಕೊಂಡು, ಪೈಲಟ್ ರೂನೆ ಸತ್ತ. ಪೊಲೀಸರು ನಂಬಿದ್ದು ಇಷ್ಟು. ಕೇಸು ಹಾಕುವುದೋ ಬಿಡುವುದೋ ಎಂದು ಸೋಮವಾರ ಸರ್ಕಾರಿ ವಕೀಲರು ತೀರ್ಮಾನಿಸುವವರಿದ್ದರು. ಹಾಕಿದರೆ ಜೈಲು. ಹಾಕದಿದ್ದರೂ ಕೆಲಸ ಹೋಗಿಯಾಗಿತ್ತು. ಕೆಲಸದ ಹಿಂದೆಯೇ ಈ ದೇಶದಲ್ಲಿರುವ ಪರ್ಮಿಟ್ಟು ಹೋಗುತ್ತದೆ, ಎತ್ತಿನ ಹಿಂದೆ ಗಾಡಿ ಹೋದಂತೆ. ಸುದ್ದಿ ಕೇಳಿ ವೈದೇಹಿ ಬಂದ ಸಂಜೆ ವಿಶಾಲ್‌ನ ಹೆಂಡತಿ ಇಂಚರಾ ಬಾಗಿಲಲ್ಲೇ ಕುಸಿದು ಅತ್ತಿದ್ದಳು. ಫೋನ್ ಬಂದಾಗ ಡಾಗಿಸ್‌ನಲ್ಲಿ, ಶಿಶುವಿಹಾರದಲ್ಲಿ, ಮಕ್ಕಳಿಗೆ ಊಟ ಬಡಿಸುತ್ತಿದ್ದೆ, ಕೈಯಿಂದ ಸೌಟು ಜಾರಿಬಿತ್ತು ಅಕ್ಕ, ಅಂದಿದ್ದಳು. ಮದುವೆಯಲ್ಲಿ ವೈದೇಹಿಯ ಅಮ್ಮ ತೊಡಿಸಿದ ಸಿಂಹಮುಖದ ಬಳೆ ಆ ಕೈಯಲ್ಲಿ ಇನ್ನೂ ಇತ್ತು.

ಅವತ್ತಿನಿಂದ ವೈದೇಹಿಗೆ ಸಿಟ್ಟು ಇಳಿದಿರಲಿಲ್ಲ. ಅಳುವವರ ಮನೆಯಲ್ಲಿ ಒಬ್ಬರಾದರೂ ಸಿಟ್ಟಿನಲ್ಲಿರಬೇಕು ಎಂದು ಅವಳು ನಂಬಿದ್ದಳು.

"ಗಾಜನ್ನು ಎಲ್ಲಿಂದ ತಂದಿರಿ?" ಟೋರ್ಕೆಲ್ ಕೇಳಿದ.

"ಈ ಶೆಡ್ಡಿನ ಹಿಂದೆ ರಾಶಿ ಹಾಕಿದ್ದೀರಲ್ಲ, ವಿಮಾನದ ಅವಶೇಷ. ಕ್ಯಾಮೆರಾದ ಮೂತಿಯ ಉಂಗುರದಲ್ಲಿ ಸಿಕ್ಕಿಕೊಂಡಿತ್ತು. ಕನ್ನಡಕದ ಚೂರು ಕ್ಯಾಮೆರಾದ ಉಂಗುರದಲ್ಲಿ ಯಾಕಿರುತ್ತೆ?"

ವಿಮಾನದ ಶೆಡ್ಡಿನ ಒಂದು ಮೂಲೆಯನ್ನು ತಡಿಕೆಯಿಂದ ಮರೆಮಾಡಿ ಎಡಿಟಿಂಗ್ ಕೋಣೆ ಮಾಡಿದ್ದರು. ಮೇಜು, ರೀಲು ಓಡಿಸುವ ಯಂತ್ರ, ಸಣ್ಣ ಪರದೆ. ಇನ್ನೊಂದು ಮೂಲೆಯಲ್ಲಿ ಬಣ್ಣದ ಡಬ್ಬದ ಮೇಲೆ ಮೋನ್ಸ್ ಕೂತಿದ್ದ. ಅವನು ನಟ. ಅದೇ ವಿಮಾನದಲ್ಲಿ ಬಿದ್ದು ಬದುಕಿ ಉಳಿದವನು. ಕಂಕುಳಲ್ಲಿ ಊರುಗೋಲು, ಹಣೆಗೆ ಹೊಲಿಗೆ.

ಚಿತ್ರದ ವಿಷಯವೇ ವಿಚಿತ್ರವಾಗಿತ್ತು. ಸುಮಾರು ನೂರು ವರ್ಷದ ಹಿಂದೆ, ಕಂಪ್ಯೂಟರಿನ ಹೆಸರೂ ಇಲ್ಲದ ಕಾಲದಲ್ಲಿ, ಯುದ್ಧದ ಸಿನಿಮಾಗಳಿಗೆ ವಿಮಾನಗಳ ಕಾಳಗವನ್ನು ಹೇಗೆ ಚಿತ್ರಿಸುತ್ತಿದ್ದರು? ಅದನ್ನು ಹೇಳುವ ಸಾಕ್ಷ್ಯಚಿತ್ರ. ಹೇಳಿದರೆ ಸಾಲದು, ಹಾಗೆಯೇ ಮಾಡಿ ತೋರಿಸಬೇಕು ಅನ್ನುವುದು ಟೋರ್ಕೆಲ್‌ನ ಹಟ. ಅದೇ ಬಗೆಯ ಎರಡು ಜೊತೆ ರೆಕ್ಕೆಯ ವಿಮಾನ, ಅದೇ ಬಗೆಯ ಕಪ್ಪು ಬಿಳುಪು ಫಿಲ್ಮು, ತೊಳೆಯುವುದೂ ವಿಮಾನ ಹಾರುವ ಈ ಮೈದಾನದಲ್ಲೇ, ಕೆಂಪು ದೀಪದ ಕೋಣೆಯಲ್ಲಿ.

ವಿಮಾನದಲ್ಲಿ ಹಿಂದೊಂದು ಮುಂದೊಂದು ಸೀಟು. ಮುಂದಿನದರಲ್ಲಿ ನಟ, ಹಿಂದಿನದರಲ್ಲಿ ನಿಜವಾದ ಪೈಲಟ್. ನಟನ ಎದುರಿಗೆ, ಅವನ ಮುಖ ಹಿಡಿಯುವಂತೆ ಕ್ಯಾಮೆರಾ. ಮೇಲೆ ಹೋದಮೇಲೆ ಅಲ್ಲಿ ಕ್ಯಾಮೆರಾಮನ್ ಇಲ್ಲ, ನಿರ್ದೇಶಕನಿಲ್ಲ. ನಟನೇ ಹಗ್ಗ ಎಳೆದು ಕ್ಯಾಮೆರಾ ಓಡಿಸಬೇಕು. ಹಗ್ಗ ಎಳೆದರೆ ಹಿಂದಿನ ಸೀಟಿನಲ್ಲಿ ದೀಪ ಹತ್ತುತ್ತದೆ. ಪೈಲಟ್ ತಕ್ಷಣ ತಲೆ ಬಗ್ಗಿಸಿ ಮರೆಯಾಗಬೇಕು, ಅಷ್ಟು ಹೊತ್ತು ನಟನೇ ಸ್ಟಿಕ್ ಹಿಡಿದಿರಬೇಕು. ನೋಡುವವರಿಗೆ ವೀರ ಒಬ್ಬನೇ ಹಾರುತ್ತಿದ್ದಾನೆ ಅನ್ನಿಸಬೇಕಲ್ಲ. ಹಗ್ಗ ಬಿಟ್ಟರೆ ದೀಪ ಆರುತ್ತದೆ. ಪೈಲಟ್ ತಲೆ ಎತ್ತಿ, ನಟನ ಭುಜ ತಟ್ಟಿ, ಸ್ಟಿಕ್ ವಾಪಸು ತಗೊಳ್ಳುತ್ತಾನೆ.

ಹುಚ್ಚು ಕೆಲಸ. ಆದರೆ ಆ ಕಾಲದವರು ಹಾಗೆಯೇ ಮಾಡಿದ್ದರಂತೆ.

"ರೀಲು ಹಾಕಿ," ಅಂದಳು ವೈದೇಹಿ.

"ಅದು ಪೊಲೀಸರ ಹತ್ತಿರ ಇದೆ."

"ಪ್ರತಿ ನಿಮ್ಮ ಹತ್ತಿರ ಇದೆ. ಅವರೇ ಹೇಳಿದರು. ಹಾಕಿ."

ಟೋರ್ಕೆಲ್ ಕದಲಲಿಲ್ಲ. ಕೊನೆಗೆ ಅವಳೇ ಕಪಾಟಿನಿಂದ ಡಬ್ಬಿ ತೆಗೆದು ಯಂತ್ರಕ್ಕೆ ಏರಿಸಿದಳು. ಚಿತ್ರಗಳನ್ನು ಅಳೆಯುವುದೇ ಅವಳ ವೃತ್ತಿ. ಒಂದು ಫೋಟೋದಿಂದ ಕಟ್ಟಡದ ಎತ್ತರ, ನೆರಳಿನಿಂದ ಹೊತ್ತು ಹೇಳುವ ಸಂಶೋಧನೆ ಮಾಡುತ್ತಿದ್ದವಳಿಗೆ ಈ ಯಂತ್ರ ದೊಡ್ಡದಲ್ಲ.

ಪರದೆಯ ಮೇಲೆ ಮೋನ್ಸ್ ಬಂದ. ಚರ್ಮದ ಟೊಪ್ಪಿ, ದಪ್ಪ ಕನ್ನಡಕ. ಶತ್ರುವನ್ನು ಬೈಯುವವನಂತೆ ಬಾಯಿ ತೆರೆದಿದ್ದ. ಅವನ ಹಿಂದೆ ವಿಮಾನದ ಬಾಲ. ಬಾಲದ ಹಿಂದೆ ಬೆಳ್ಳನೆ ಆಕಾಶ. ಸ್ವಲ್ಪ ಹೊತ್ತಿಗೆ ಚಿತ್ರ ಅದುರತೊಡಗಿತು, ಹಳ್ಳದ ರಸ್ತೆಯಲ್ಲಿ ಜಟಕಾದಿಂದ ನೋಡಿದ ಹಾಗೆ. ಮೋನ್ಸ್‌ನ ಮುಖ ಒಂದು ಕಡೆಗೆ ವಾಲಿತು. ಚಿತ್ರ ಮುಗಿಯಿತು.

ವಿಶಾಲ್‌ನನ್ನು ಜೈಲಿಗೆ ಕಳಿಸಲು ಇಷ್ಟು ಸಾಕಾಗಿತ್ತು. ಸ್ಟ್ಯಾಂಡು ಸಡಿಲಾದದ್ದು ಕಣ್ಣಿಗೇ ಕಾಣುತ್ತಿತ್ತಲ್ಲ.

ಅವಳು ರೀಲನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. "ವಿಮಾನ ಎಷ್ಟು ವೇಗದಲ್ಲಿದೆ?"

"ಗೊತ್ತಾಗಲ್ಲ," ಅಂದ ಟೋರ್ಕೆಲ್.

"ಯಾಕೆ ಗೊತ್ತಾಗಲ್ಲ?"

 ಉತ್ತರ ಮೂಲೆಯಿಂದ ಬಂತು.

"ಮೋಡ ಇಲ್ಲ," ಅಂದ ಮೋನ್ಸ್.

ಮೋಡ ಇರಲಿಲ್ಲ. ಅದೇ ವಿಷಯ. ಬರೀ ಆಕಾಶದ ಎದುರು ವಿಮಾನ ಎಷ್ಟು ರಭಸದಿಂದ ಹೋದರೂ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಂತೆ ಕಾಣುತ್ತದೆ. ಹಿಂದೆ ಮೋಡ ಸರಿದರೆ ಮಾತ್ರ ಓಟ ಕಾಣುತ್ತದೆ, ಕಾಳಗ ಕಾಣುತ್ತದೆ. ಹಳೆಯ ಕಾಲದವರು ಇದನ್ನು ಪೆಟ್ಟು ತಿಂದು ಕಲಿತಿದ್ದರು. ಟೋರ್ಕೆಲ್ ಅವರಿಂದ ಕಲಿತಿದ್ದ. ಅದಕ್ಕೇ ಈ ಮೈದಾನದಲ್ಲಿ ನಿರ್ಮಲ ನೀಲಿ ಆಕಾಶ ಬಂತೆಂದರೆ ಇಡೀ ಯೂನಿಟ್ಟಿಗೆ ಸೂತಕ. ಎಲ್ಲರೂ ಹುಲ್ಲಿನ ಮೇಲೆ ಅಂಗಾತ ಮಲಗಿ ಮೋಡದ ದಾರಿ ಕಾಯುತ್ತಿದ್ದರು, ಬಿತ್ತನೆಗೆ ಕಾಯುವವರ ಹಾಗೆ. ರೂನೆ ಸತ್ತ ದಿನ ಹಾರಿದ್ದಾದರೂ ಯಾಕೆ? ಬೆಳಿಗ್ಗೆ ದಕ್ಷಿಣದಿಂದ ಮೋಡ ಎದ್ದವು ಅಂತ. ಪೊಲೀಸರ ಮುಂದೆ ಪ್ರತಿಯೊಬ್ಬರೂ ಅದನ್ನೇ ಹೇಳಿದ್ದರು.

ವೈದೇಹಿ ಚೀಲದಿಂದ ಒಂದು ಫೋಟೋ ತೆಗೆದು ಗಾಜಿನ ಪಕ್ಕ ಇಟ್ಟಳು. ಬೇಲಿಯಾಚೆ ನಿಂತು ವಿಮಾನಗಳ ಫೋಟೋ ತೆಗೆಯುವ ಹುಚ್ಚಿನ ಒಬ್ಬ ನಿವೃತ್ತ ಮೇಷ್ಟರು ಕೊಟ್ಟದ್ದು. ಮೂಲೆಯಲ್ಲಿ ತಾರೀಖು ಅಚ್ಚಾಗಿತ್ತು, ಅದೇ ದಿನ. ರೂನೆ ವಿಮಾನದ ರೆಕ್ಕೆಗೆ ಒರಗಿ ನಿಂತಿದ್ದ. ಕೈಯಲ್ಲಿ ಲೋಟ, ಮುಖದಲ್ಲಿ ನಗು. ಅವನ ಹಿಂದೆ, ಹತ್ತಿ ಹಿಂಜಿ ರಾಶಿ ಹಾಕಿದಂತೆ, ಆಕಾಶದ ತುಂಬ ಮೋಡ.

"ಮೋಡಕ್ಕೆ ಅಂತಲೇ ಕಾದು, ಮೋಡ ಬಂತು ಅಂತಲೇ ಹಾರಿ, ಮೋಡ ಇಲ್ಲದ ಚಿತ್ರ ತಗೊಂಡು ಬಂದಿರಾ?"

"ಇದು ಹಳೆಯ ಬಗೆಯ ಫಿಲ್ಮು," ಟೋರ್ಕೆಲ್ ತಾಳ್ಮೆಯಿಂದ ಹೇಳಿದ. ಆ ತಾಳ್ಮೆ ಅವಳ ಹಲ್ಲು ಕಡಿಸಿತು. ಈ ಫಿಲ್ಮಿಗೆ ನೀಲಿ ಬಿಳಿಯಾಗಿ ಕಾಣುತ್ತದೆ, ಆಕಾಶವೂ ಬಿಳಿ, ಮೋಡವೂ ಬಿಳಿ, ಸುಣ್ಣದ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಹಾಗೆ ಎಂದು ಅವನು ವಿವರಿಸಿದ. ಮೋಡ ಇದ್ದರೂ ಕಾಣುವುದಿಲ್ಲ.

"ಅದಕ್ಕೇ ಹಳದಿ ಗಾಜು," ಅಂದಳು ವೈದೇಹಿ.

ಟೋರ್ಕೆಲ್‌ನ ಕೈ ಮೇಜಿನ ಮೇಲೆ ನಿಂತುಬಿಟ್ಟಿತು.

ಅವಳು ನಿಲ್ಲಿಸಲಿಲ್ಲ. ಮೊದಲ ಟೆಸ್ಟ್ ಹಾರಾಟದಲ್ಲಿ ಮೋಡ ಮೂಡಲಿಲ್ಲ. ಸಾಲದ್ದಕ್ಕೆ ಸ್ಟ್ಯಾಂಡೂ ಅದುರಿತು. ಟೋರ್ಕೆಲ್ ಎಲ್ಲರ ಎದುರು ವಿಶಾಲ್‌ನ ಮೇಲೆ ಹರಿಹಾಯ್ದ. ವಿಶಾಲ್ ಆ ಸ್ಟ್ಯಾಂಡನ್ನು ಎಸೆದು ಹೊಸದು ಮಾಡಿದ, ದಪ್ಪ ಬೋಲ್ಟು ಹಾಕಿ, ಕ್ಯಾಮೆರಾದ ಮೂತಿಗೆ ಹಳದಿ ಗಾಜು ಕೂರುವ ಉಂಗುರ ಸೇರಿಸಿ. ಹಳದಿ ಗಾಜು ನೀಲಿಯನ್ನು ತಡೆಯುತ್ತದೆ, ಆಕಾಶ ಕಪ್ಪಾಗುತ್ತದೆ, ಮೋಡ ಎದ್ದು ಕಾಣುತ್ತದೆ.

"ಉಂಗುರ ಇದ್ದದ್ದು ಹೊಸ ಸ್ಟ್ಯಾಂಡಿಗೆ ಮಾತ್ರ. ಗಾಜಿನ ಚೂರು ಸಿಕ್ಕಿದ್ದು ಬಿದ್ದ ವಿಮಾನದಲ್ಲಿ. ಅಂದರೆ ಆ ದಿನ ಗಾಜು ಇತ್ತು. ಗಾಜು ಇದ್ದಮೇಲೆ ರೀಲಿನಲ್ಲಿ ಮೋಡ ಇರಬೇಕಿತ್ತು. ಎಲ್ಲಿದೆ?" ಅವಳು ಪರದೆಗೆ ಬೆರಳಿನಿಂದ ಕುಟ್ಟಿದಳು. "ಇದು ರೂನೆ ಸತ್ತ ದಿನದ ರೀಲಲ್ಲ. ಟೆಸ್ಟ್ ರೀಲು. ರೂನೆ ಇಳಿದು ಬಂದು ಊಟ ಮಾಡಿದ ದಿನದ್ದು. ಎಸೆದ ಸ್ಟ್ಯಾಂಡಿನ ತಪ್ಪನ್ನು ಹೊಸ ಸ್ಟ್ಯಾಂಡಿನ ತಲೆಗೆ ಕಟ್ಟಿದ್ದೀರಿ."

 ಶೆಡ್ಡಿನ ತಗಡಿನ ಮೇಲೆ ಗಾಳಿ ಪಟಪಟ ಬಡಿಯುತ್ತಿತ್ತು.

ಊರುಗೋಲು ಊರಿಕೊಂಡು ಮೋನ್ಸ್ ಎದ್ದ. ಪರದೆಯ ಹತ್ತಿರ ಬಂದು ತನ್ನದೇ ಮುಖವನ್ನು ನೋಡಿದ. ಆವತ್ತಿನಿಂದ ಅವನು ಒಂದೇ ಮಾತು ಹೇಳುತ್ತಿದ್ದ. ತಲೆಗೆ ಪೆಟ್ಟು ಬಿದ್ದವನ ಮಾತೆಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ವೈದೇಹಿಯೂ ಹಾಕಿಕೊಂಡಿರಲಿಲ್ಲ, ಜೀವ ಉಳಿದವನು ಹೇಳುವ ನೆಪ ಅಂದುಕೊಂಡಿದ್ದಳು.

"ನಾನು ಹಗ್ಗ ಬಿಟ್ಟೆ," ಅಂದ ಮೋನ್ಸ್. "ದೀಪ ಆರಿತು. ರೂನೆ ನನ್ನ ಭುಜ ತಟ್ಟಬೇಕಿತ್ತು. ತಟ್ಟಲಿಲ್ಲ. ನಾನು ಕಾದೆ. ಕಿರುಚಿದೆ. ತಟ್ಟಲಿಲ್ಲ."

"ಕ್ಯಾಮೆರಾ ನಿಮ್ಮ ಮೇಲೆ ಬಿತ್ತಾ?"

"ನನಗೆ ನೆನಪಿಲ್ಲ ಅಂದೆ. ಆದರೆ ರೀಲಿನಲ್ಲಿ ಇದೆ ಅಂದರು. ರೀಲಿನಲ್ಲಿ ಇದ್ದರೆ ಇರಬಹುದು ಅಂತ ಒಪ್ಪಿಕೊಂಡೆ."

 ಇದನ್ನು ಸೋಮವಾರ ಬಂದು ಹೇಳುತ್ತೀರಾ ಎಂದು ವೈದೇಹಿ ಕೇಳಿದಳು. ಹೇಳುತ್ತೇನೆ ಅಂದ. ಆಮೇಲೆ ಗಡಿಯಾರ ನೋಡಿಕೊಂಡು, ಹೊರಡಬೇಕು, ಟ್ಯಾಕ್ಸಿಗೆ ಹೇಳಿದ್ದೇನೆ ಅಂದ. ನಿಮ್ಮ ತಮ್ಮನ ಹೆಂಡತಿ ಫಿಕಾಗೆ, ಮನೆಗೆ ಕಾಫಿಗೆ, ಕರೆದಿದ್ದಾರೆ, ನಡೆದದ್ದನ್ನೆಲ್ಲ ನನ್ನ ಬಾಯಿಂದಲೇ ಕೇಳಬೇಕಂತೆ, ನನ್ನ ಮಾತು ನಂಬಿದವರು ಅವರೊಬ್ಬರೇ ಅಂದ.

ವೈದೇಹಿಗೆ ಅಷ್ಟು ಸಿಟ್ಟಿನ ನಡುವೆಯೂ ಇಂಚರಾಳ ಮೇಲೆ ಪ್ರೀತಿ ಉಕ್ಕಿತು. ಅಳುತ್ತಾ ಕೂರುವ ಹುಡುಗಿ ಅಂದುಕೊಂಡಿದ್ದಳು. ಸಾಕ್ಷಿಯನ್ನು ಮನೆಗೆ ಕರೆಯುವಷ್ಟು ಬುದ್ಧಿ ಇದೆ. ಹೋಗಿ, ಎಲ್ಲ ಹೇಳಿ ಅಂದಳು. ಊರುಗೋಲಿನ ಸದ್ದು ಶೆಡ್ಡಿನ ಉದ್ದಕ್ಕೂ ಟಕ್ ಟಕ್ ಎನ್ನುತ್ತಾ ಹೊರಗೆ ಹೋಯಿತು.

ಈಗ ಟೋರ್ಕೆಲ್ ಒಬ್ಬನೇ ಸಿಕ್ಕಿದ.

"ಸ್ಟ್ಯಾಂಡಿನ ತಪ್ಪು ಅಂದರೆ ನಿಮ್ಮ ಸಿನಿಮಾ ಉಳಿಯುತ್ತೆ," ಅಂದಳು. "ಹಾರಿಸಿದ್ದೇ ತಪ್ಪು ಅಂದರೆ ನೀವು ಮುಳುಗ್ತೀರಿ. ವಿದೇಶದ ಹುಡುಗ, ಭಾಷೆ ಬರಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಹೊರೆ ಹೊರಿಸೋಕೆ ಇನ್ನೇನು ಬೇಕು? ನಿಜವಾದ ರೀಲು ಎಲ್ಲಿ?"

ಆಗ ಮೊದಲ ಸಲ ಆ ಮನುಷ್ಯ ದನಿ ಏರಿಸಿದ. ಮೇಜನ್ನು ಎಷ್ಟು ಜೋರಾಗಿ ಗುದ್ದಿದನೆಂದರೆ ಗಾಜಿನ ಚೂರು ಎಗರಿ ನೆಲಕ್ಕೆ ಬಿತ್ತು.

"ರೂನೆ ನನಗೆ ವಿಮಾನ ಹಾರಿಸೋದು ಕಲಿಸಿದವನು. ಅವನು ಸತ್ತ ರೀಲನ್ನು ಕೂತು ನೋಡ್ತೀನಿ ಅಂದುಕೊಂಡಿರಾ? ಇವತ್ತು ನೀವು ಹಾಕೋವರೆಗೆ ನಾನು ನೋಡಿರಲಿಲ್ಲ. ಒದ್ದೆ ರೀಲು ನನ್ನ ಕೈಗೆ ಕೊಟ್ಟರು. ಪೊಲೀಸರಿಗೆ ಕೊಟ್ಟೆ. ಅಷ್ಟೇ."

"ಯಾರು ಕೊಟ್ಟರು?"

ಅವನು ಅವಳತ್ತ ತಿರುಗಿದ. ಸಿಟ್ಟು ಇಳಿದು ಮುಖದಲ್ಲಿ ಬೇರೆಯೇನೋ ಬಂತು. ಕರುಣೆ ಇದ್ದಿರಬಹುದು. ಅದು ಅವಳಿಗೆ ಇನ್ನೂ ಕೆಟ್ಟದೆನಿಸಿತು.

"ಆ ಫಿಲ್ಮು ತೊಳೆಯೋಕೆ ಬರೋದು ನಮ್ಮ ಯೂನಿಟ್ಟಿನಲ್ಲಿ ಒಬ್ಬನಿಗೇ. ಪೊಲೀಸರು ಬಾಗಿಲ ಹೊರಗೆ ನಿಂತಿದ್ದರು. ಬೆಳಕು ಬಿದ್ದರೆ ಹಾಳಾಗುತ್ತೆ ಅಂತ ಯಾರನ್ನೂ ಒಳಗೆ ಬಿಡಲಿಲ್ಲ. ಕೆಂಪು ದೀಪದ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಆಚೆ ಬಂದಾಗ ಅಳುತ್ತಿದ್ದ." ಟೋರ್ಕೆಲ್ ಬಗ್ಗಿ ಗಾಜನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ. "ನಿಮ್ಮ ತಮ್ಮ. ಇದು ಕನ್ನಡಕದ ಗಾಜು ಅಂತ ಪೊಲೀಸರಿಗೆ ಹೇಳಿದವನೂ ಅವನೇ."

ಫೋಟೋವನ್ನು ಚೀಲಕ್ಕೆ ತುರುಕಿಕೊಂಡು ವೈದೇಹಿ ಶೆಡ್ಡಿನಿಂದ ಹೊರಗೆ ಹೇಗೆ ಬಂದಳೋ ಅವಳಿಗೇ ತಿಳಿಯಲಿಲ್ಲ. ರೀಲನ್ನು ಟೋರ್ಕೆಲ್ ಮುಟ್ಟಲೂ ಬಿಡಲಿಲ್ಲ ಅಕ್ಕ, ಎಂದಿದ್ದ ವಿಶಾಲ್. ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ. ಚಿಕ್ಕಂದಿನಲ್ಲಿ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿದ್ದ ಹುಡುಗ.

ಮೈದಾನದೊಳಗೆ ಕಾಲಿಡಬಾರದೆಂದು ಅವನಿಗೆ ಕಟ್ಟಪ್ಪಣೆಯಾಗಿತ್ತು. ಬೇಲಿಯಾಚೆ ಕಾರಿನಲ್ಲಿ ಕಾಯುತ್ತಿದ್ದ. ಅವಳು ಕಾರಿನ ಬಾಗಿಲು ತೆಗೆಯುತ್ತಲೇ ತಿರುಗಿ, "ಒಪ್ಪಿಕೊಂಡನಾ?" ಎಂದು ಕೇಳಿದ.

ಅವಳು ಹತ್ತಿ ಕೂತು ಬಾಗಿಲು ಧಡ್ ಎಂದು ಎಳೆದುಕೊಂಡಳು. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂದಿತ್ತು.  ಗಂಟಲು ಒಣಗಿತ್ತು. ಸೀಟುಗಳ ನಡುವೆ ಬೆಳಿಗ್ಗೆ ಇಂಚರಾ ತುಂಬಿಕೊಟ್ಟ ಫ್ಲಾಸ್ಕ್ ಇತ್ತು, ಫಿಲ್ಟರ್ ಕಾಫಿ. ಬಿರಡೆ ತಿರುಗಿಸಿದಳು.

"ಅದು ಬೇಡ ಅಕ್ಕ."

"ಏನು ಬೇಡ?"

"ಕಾಫಿ ಬೇಡ. ದಾರೀಲಿ ಬೇರೆ ಕುಡಿಯೋಣ."

ಅವಳು ಫ್ಲಾಸ್ಕನ್ನು ಮಡಿಲಲ್ಲಿ ಹಿಡಿದುಕೊಂಡೇ ಅವನನ್ನು ನೋಡಿದಳು. ಆಮೇಲೆ ಹಳದಿ ಗಾಜನ್ನು ಅವನ ಮುಂದೆ ಹಿಡಿದಳು. ವಿಶಾಲ್ ಗಾಜನ್ನು ನೋಡಿದ. ಸ್ಟಿಯರಿಂಗ್ ಮೇಲೆ ತಲೆ ಇಟ್ಟ.

"ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹಾಕ್ಕೊಂಡಿದ್ದೀಯ," ಅಂದಳು. "ನಾನು ಆ ಮನುಷ್ಯನ ಮರ್ಯಾದೆ ತೆಗೆದು ಬಂದೆ ಕಣೋ. ನಿಜವಾದ ರೀಲಿನಲ್ಲಿ ಏನಿದೆ?"

ಅವನು ತಲೆ ಎತ್ತದೆ ಹೇಳಿದ. "ಮೋಡ ಚೆನ್ನಾಗಿ ಬಂದಿದೆ. ಸ್ಟ್ಯಾಂಡು ಕೊನೆವರೆಗೂ ಅಲ್ಲಾಡಿಲ್ಲ."

"ಮತ್ತೆ?"

"ರೂನೆ ತಲೆ ಬಗ್ಗಿಸಿಲ್ಲ ಅಕ್ಕ. ಶುರುವಿನಿಂದಲೇ ತಲೆ ಪಕ್ಕಕ್ಕೆ ಜೋತುಬಿದ್ದಿತ್ತು. ನಿದ್ದೆ ಬಂದೋರ ಥರ. ಮುಂದೆ ಕೂತವನಿಗೆ ಗೊತ್ತೇ ಆಗಿಲ್ಲ." ಸ್ವಲ್ಪ ತಡೆದು ಅಂದ, "ಸೋಮವಾರದವರೆಗೆ ಸುಮ್ಮನಿದ್ದುಬಿಡು. ಕೇಸು ನನ್ನ ಮೇಲೆ ಬೀಳಲಿ. ದಮ್ಮಯ್ಯ."

"ಯಾರನ್ನ ಉಳಿಸ್ತಿದ್ದೀಯ?"

  ಮಡಿಲಲ್ಲಿ ಫ್ಲಾಸ್ಕ್ ಬೆಚ್ಚಗಿತ್ತು. ಅವಳು ನಿಧಾನವಾಗಿ ಚೀಲದಿಂದ ಆ ಫೋಟೋ ತೆಗೆದಳು. ಸಿಕ್ಕಾಗಿನಿಂದ ಅದನ್ನು ಭೂತಗನ್ನಡಿ ಹಿಡಿದು ನೋಡಿದ್ದಳು, ಅಳೆದಿದ್ದಳು, ನೆರಳು ಲೆಕ್ಕ ಹಾಕಿದ್ದಳು. ಅಷ್ಟೂ ದಿನ ಅವಳು ನೋಡಿದ್ದು ಆಕಾಶವನ್ನು ಮಾತ್ರ.

ಈಗ ಕೆಳಗೆ ನೋಡಿದಳು. ರೂನೆಯ ಕೈಯಲ್ಲಿದ್ದದ್ದು ಕಾಗದದ ಕಪ್ಪಲ್ಲ. ಸ್ಟೀಲ್ ಲೋಟ, ಅಂಚು ಮಡಿಸಿದ್ದು, ಈ ಊರಿನ ಯಾವ ಅಂಗಡಿಯಲ್ಲೂ ಸಿಗದಂಥದ್ದು. ಫೋಟೋದ ಬಲ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಒಂದು ಕೈ ಅವನ ಲೋಟಕ್ಕೆ ಫ್ಲಾಸ್ಕಿನಿಂದ ಬಗ್ಗಿಸುತ್ತಿತ್ತು. ಆ ಕೈಯಲ್ಲಿ ಸಿಂಹಮುಖದ ಬಳೆ.

ಡಾಗಿಸ್‌ನಲ್ಲಿ ಊಟ ಬಡಿಸುತ್ತಿದ್ದ ಕೈ.

"ಯಾಕೋ?" ಎಂದಳು. 

"ಗೊತ್ತಿಲ್ಲ. ಅವತ್ತು ಹಾರೋ ಮುಂಚೆ ಅವಳು ಅವನಿಗೆ ಕಾಫಿ ಕೊಟ್ಟಿದ್ದನ್ನ ನೋಡಿದ್ದೆ. ಕೇಳೋ ಧೈರ್ಯ ಆಗಿಲ್ಲ." ವಿಶಾಲ್ ತಲೆ ಎತ್ತಿದ. "ಅವಳಿಗೂ ಗೊತ್ತಿಲ್ಲ, ನನಗೆ ಗೊತ್ತು ಅಂತ. ಮೋನ್ಸ್ ಒಬ್ಬ ಏನೇನೋ ಹೇಳ್ತಿದ್ದಾನೆ, ಭುಜ ತಟ್ಟಲಿಲ್ಲ ಅಂತ. ಅವನ ಮಾತು ಯಾರೂ ನಂಬಲ್ಲ ಅಂತ ಸುಮ್ಮನಿದ್ದೀನಿ. ಎಲ್ಲಿ ಅವನು? ಒಳಗೇ ಇದ್ದಾನಾ?"

ವೈದೇಹಿ ರಸ್ತೆಯತ್ತ ತಿರುಗಿದಳು. ಟ್ಯಾಕ್ಸಿ ಹೋಗಿ ಆಗಲೇ ಬಹಳ ಹೊತ್ತಾಗಿತ್ತು.

"ಕಾರು ತೆಗಿ," ಅಂದಳು. "ಅವನು ನಿಮ್ಮ ಮನೆಗೇ ಹೋಗಿದ್ದಾನೆ. ಇಂಚರಾ ಕರೆದಿದ್ದಾಳೆ."

ವಿಶಾಲ್‌ನ ಕೈ ಕೀಲಿಯನ್ನು ಹುಡುಕಿ ತಡಕಾಡಿತು. ಈ ದೇಶದಲ್ಲಿ ಕಾಫಿಗೆ ಕರೆದರೆ ಯಾರೂ ತಡವಾಗಿ ಹೋಗುವುದಿಲ್ಲ.